ಸೂರ್ಯನ ಮನೆಗೆ ಕೊಟ್ಟ ಸಣ್ಣಿ

ಕಾಲು ಒಳಗೆ ಎಳ್ಕೋ ಕೂಸೇ, ದುಪ್ಪಟಿ ಸರಿಯಾಗಿ ಹೊದ್ಕೋ. ಮಧ್ಯಾಹ್ನದಿಂದ ಅದೊಂದೇ ಪ್ರಶ್ನೆ ನಿನ್ನದು, ಅಜ್ಜೀ ಸೂರ್ಯನ ಸುತ್ತ ಅಷ್ಟು ದೊಡ್ಡ ಬಳೆ ಇಟ್ಟೋರು ಯಾರು, ಯಾಕೆ ಇಟ್ರು ಅಂತ. ಹೇಳ್ತೀನಿ, ಕಣ್ಣು ಮುಚ್ಕೊಂಡು ಕೇಳು. ಮಧ್ಯೆ ಮಧ್ಯೆ ಎದ್ದು ಕೂತ್ರೆ ಮಾತ್ರ ನಾನು ಹೇಳೋದಿಲ್ಲ ನೋಡು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಸೂರ್ಯನಿಗೆ ಇನ್ನೂ ಮದುವೆಯೇ ಆಗದೇ ಇದ್ದ ಕಾಲದಲ್ಲಿ, ಸಮುದ್ರದ ಹಿನ್ನೀರು ಒಳಗೆ ಬರೋ ಜಾಗದಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಗದ್ದೆ ಇಲ್ಲ, ತೋಟ ಇಲ್ಲ, ಇದ್ದದ್ದೆಲ್ಲ ಉಪ್ಪಿನ ಆಗರ. ಆಗರ ಅಂದ್ರೆ ಏನು ಗೊತ್ತಾ, ನೆಲಕ್ಕೆ ಒಡ್ಡು ಕಟ್ಟಿ ಚೌಕ ಚೌಕವಾಗಿ ಮಡಿ ಮಾಡಿ ಅದಕ್ಕೆ ಸಮುದ್ರದ ನೀರು ಬಿಡೋದು, ಆ ನೀರು ಬಿಸಿಲಿಗೆ ಆರಿ ಆರಿ ತಳದಲ್ಲಿ ಉಪ್ಪು ಕಟ್ಟೋದು, ಆಮೇಲೆ ಉದ್ದ ಕೋಲಿಗೆ ಕಟ್ಟಿದ ಮರದ ಹಲಗೆ ಹಿಡಿದು ಆ ಉಪ್ಪನ್ನ ಮೆಲ್ಲಗೆ ದಡಕ್ಕೆ ಎಳೆಯೋದು. ಮೆಲ್ಲಗೆ ಅಂದ್ರೆ ಮೆಲ್ಲಗೆ. ಸ್ವಲ್ಪ ಜೋರಾಗಿ ಎಳೆದ್ರೂ ಕೆಳಗಿನ ಕೆಸರು ಎದ್ದು ಉಪ್ಪೆಲ್ಲ ಕಪ್ಪಾಗಿಬಿಡ್ತದೆ.

ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬಳು ಹೆಂಗಸಿದ್ದಳಂತೆ. ಗಂಡ ತೀರಿಹೋಗಿದ್ದ, ಮೂರು ಜನ ಹೆಣ್ಣುಮಕ್ಕಳು. ಬೊಮ್ಮಕ್ಕ ಹಲಗೆ ಹಿಡಿದು ಮಡಿಗೆ ಇಳಿದ್ರೆ ಊರೇ ನಿಂತು ನೋಡ್ತಿತ್ತಂತೆ. ಅವಳು ಎಳೆದ ಉಪ್ಪಿನಲ್ಲಿ ಹುಡುಕಿದ್ರೂ ಒಂದು ಚಿಟಿಕೆ ಕೆಸರು ಸಿಕ್ತಿರಲಿಲ್ಲ. ಅದಕ್ಕೇ ಊರ ಹೆಂಗಸರೆಲ್ಲ ಸಾಲಾಗಿ ನಿಂತು ಉಪ್ಪು ಎಳೆಯೋವಾಗ ಎಲ್ಲರಿಗಿಂತ ಮುಂದೆ ಬೊಮ್ಮಕ್ಕ. ಅವಳು ಎಳೆದ್ರೆ ಸಾಲು ಎಳೀಬೇಕು, ಅವಳು ನಿಂತ್ರೆ ಸಾಲು ನಿಲ್ಲಬೇಕು. ಅವಳಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನು. ಇರಲಿ ಬಿಡು, ಕೈಕೆಲಸ ಬಲ್ಲವಳಿಗೆ ಅಷ್ಟು ಜಂಬ ಇರ್ತದೆ.

ಆಮೇಲೆ ಆ ಆಗರದಲ್ಲಿ ಒಂದು ಕಟ್ಟಳೆ ಇತ್ತಂತೆ. ಹಲಗೆ ಒಂದು ಸಲ ಮಡಿಗೆ ಇಳೀತು ಅಂದ್ರೆ ಆ ಮಡಿ ಮುಗಿಯೋವರೆಗೂ ಎಳೆಯೋರು ಯಾರೂ ಬಾಯಿ ಬಿಡಬಾರದು. ಯಾರು ಬಂದು ಏನು ಕೇಳಿದ್ರೂ ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು. ಮಾತಾಡಿದ್ರೆ ಉಪ್ಪಿನ ತಾಯಿ ಮುನಿಸ್ಕೊಂಡು ಎದ್ದು ಹೋಗ್ತಾಳೆ, ಒಬ್ಬರ ಮಡಿ ಅಲ್ಲ, ಊರಿನ ಅಷ್ಟೂ ಮಡಿ ಕಹಿಯಾಗ್ತವೆ ಅಂತ ಹೇಳೋರು. ಬೊಮ್ಮಕ್ಕ ಹುಟ್ಟಿದಾಗಿಂದ ಆ ಕಟ್ಟಳೆ ಮುರಿದವಳಲ್ಲ. ಒಂದು ಸಲ ಮಡಿಯಲ್ಲಿ ಏಡಿ ಬಂದು ಕಾಲಿನ ಹೆಬ್ಬೆರಳು ಹಿಡ್ಕೊಂಡ್ರೂ ಬಾಯಿ ಬಿಡದೆ ಏಡಿ ಸಮೇತ ಮಡಿ ಮುಗಿಸಿದ್ದಳಂತೆ.

ಮೂವರು ಮಕ್ಕಳಲ್ಲಿ ದೊಡ್ಡವಳು ದೇವು, ನಡುವಿನವಳು ನಾಗು, ಕಡೆಯವಳು ಸಣ್ಣಿ. ದೇವು ನಾಗು ಇಬ್ಬರೂ ಅವ್ವನ ಹಾಗೇ ಮಾತು ಕಡಿಮೆ. ಈ ಸಣ್ಣಿ ಇದಾಳಲ್ಲ, ಅವಳಿಗೆ ಮಾತು ಅಂದ್ರೆ ಮಾತು. ಕಾಗೆ ಹತ್ರ ಮಾತು, ಕೊಡದ ಹತ್ರ ಮಾತು, ಯಾರೂ ಇಲ್ಲದಿದ್ರೆ ತನ್ನ ನೆರಳಿನ ಹತ್ರವೂ ಮಾತು. ನಿನ್ನ ಹಾಗೇ ಅನ್ನು. ಬೊಮ್ಮಕ್ಕ ದಿನಕ್ಕೆ ಹತ್ತು ಸಲ ಬೈತಿದ್ದಳಂತೆ, ನಿನ್ನ ಬಾಯಿಗೆ ಬೀಗ ಹಾಕಬೇಕು ಕಣೇ, ನಿನ್ನನ್ನ ಸಾಲಿನಲ್ಲಿ ನಿಲ್ಲಿಸಿಕೊಂಡ್ರೆ ಊರೇ ಕಹಿಯಾಗಿಬಿಡ್ತದೆ ಅಂತ. ಬೈದು ನೀರು ಹೊರೋಕೆ ಕಳಿಸ್ತಿದ್ದಳು. ಆದ್ರೆ ಕೂಸೇ, ಸಂಜೆ ಗಂಜಿ ಉಣ್ಣೋವಾಗ ಆ ಹುಡುಗಿ ದಿನದ ಸುದ್ದಿಯೆಲ್ಲ ಹೇಳ್ತಾ ಕೂತ್ರೆ ಬೊಮ್ಮಕ್ಕನ ದಣಿವೆಲ್ಲ ಇಳಿದುಹೋಗ್ತಿತ್ತು. ಅದನ್ನ ಮಾತ್ರ ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಏನಾಯ್ತು ಅಂದ್ರೆ, ನಡು ಬೇಸಿಗೆಯ ಮಧ್ಯಾಹ್ನ ಎಲ್ಲರೂ ಸೂರ್ಯನಿಗೆ ಶಾಪ ಹಾಕೋರು. ಹಾಳು ಬಿಸಿಲು, ನೆತ್ತಿ ಸುಟ್ಟುಹೋಯ್ತು ಅಂತ. ಸಣ್ಣಿ ಒಬ್ಬಳು ಕೊಡ ಇಳಿಸಿ, ಮುಖ ಮೇಲೆ ಮಾಡಿ, ಏ ಮಾರಾಯ, ಇನ್ನೂ ಒಂಚೂರು ಸುಡು, ನಮ್ಮವ್ವನ ಮಡಿ ಬೇಗ ಕಟ್ಟಲಿ, ಊಟ ಆಯ್ತಾ ನಿಂದು, ಅಂತ ಕೇಳಿದಳಂತೆ. ಹುಟ್ಟಿದಾಗಿಂದ ಸೂರ್ಯನನ್ನ ಊಟ ಆಯ್ತಾ ಅಂತ ಕೇಳಿದವರು ಯಾರೂ ಇಲ್ಲ. ಅವನು ನಿಂತಲ್ಲೇ ನಿಂತುಬಿಟ್ಟನಂತೆ. ಆವತ್ತು ಮಧ್ಯಾಹ್ನ ಎಷ್ಟು ಉದ್ದ ಆಯ್ತು ಅಂದ್ರೆ ಕೋಳಿಗಳೆಲ್ಲ ಸಂಜೆ ಆಗೋದನ್ನ ಕಾದು ಕಾದು ಸಾಕಾಗಿ ಗೂಡಿಗೆ ಹೋದವಂತೆ. ಮನೆಗೆ ಹೋದವನೇ ತಾಯಿ ಹತ್ರ, ಮದುವೆ ಆದ್ರೆ ಆ ಉಪ್ಪಿನ ಹುಡುಗೀನೇ ಅಂತ ಹಟ ಹಿಡಿದ.

ಸರಿ, ಸೂರ್ಯನ ತಾಯಿ ಹೆಣ್ಣು ನೋಡೋಕೆ ಬಂದಳು. ಹೇಗೆ ಬಂದಳು ಗೊತ್ತಾ, ಅಂಥ ಸುಡೋ ಬೇಸಿಗೆಯಲ್ಲಿ ಮೂರು ಕಂಬಳಿ ಹೊದ್ದುಕೊಂಡು, ಹಲ್ಲು ಕಟಕಟ ಅಂತ ನಡುಗ್ತಾ. ಯಾಕೆ ಅಂತೀಯಾ, ಸೂರ್ಯನ ಮನೆ ಭಾರೀ ಥಂಡಿಯಂತೆ. ಹೌದು ಮತ್ತೆ, ಇದ್ದಬದ್ದ ಕಾವೆಲ್ಲ ಹೊತ್ತುಕೊಂಡು ಅವನು ಬೆಳಿಗ್ಗೆಯೇ ಹೊರಗೆ ಹೊರಟುಬಿಟ್ರೆ ಮನೇಲಿ ಉಳಿಯೋದೇನು? ಗೋಡೆ ಮಂಜುಗಡ್ಡೆ, ನೆಲ ಮಂಜುಗಡ್ಡೆ, ಕುಡಿಯೋ ನೀರು ಚೆಂಬಿನಲ್ಲೇ ಕಲ್ಲು. ಮುದುಕಿ ಮುಚ್ಚಿಡದೆ ಎಲ್ಲ ಹೇಳಿದಳು. ಹೇಳಿ, ನಮ್ಮನೇಲಿ ಬಾಳ್ತೀಯೇನಮ್ಮಾ ಅಂತ ದೇವುನ ಕೇಳಿದಳು. ದೇವು ಅವ್ವನ ಬೆನ್ನ ಹಿಂದೆ ಅಡಗಿದಳು. ನಾಗುನ ಕೇಳಿದಳು. ನಾಗು ಅಡಗೋಕೂ ನಿಲ್ಲಲಿಲ್ಲ, ಹಿತ್ತಲ ಕಡೆ ಓಡಿದಳು. ಸಣ್ಣಿನ ಕೇಳಿದಾಗ, ಅಯ್ಯೋ ಅಜ್ಜೀ, ಪಾಪ ನಿನಗೆ ಮಾತಾಡೋಕೆ ಯಾರೂ ಇಲ್ವಾ ಅಲ್ಲಿ, ಅಂತ ಅವಳೇ ತಿರುಗಿ ಕೇಳಿದಳಂತೆ. ಮುದುಕಿಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಬೊಮ್ಮಕ್ಕ ಒಪ್ಪಿದಳು. ಮನಸ್ಸು ಒಪ್ಪಿದ್ದೋ, ಸೂರ್ಯನ ಮನೆ ಸಂಬಂಧ ಅಂದ್ರೆ ಊರಲ್ಲಿ ತಲೆ ಎತ್ತಿ ನಡೀಬಹುದು ಅಂತ ಒಪ್ಪಿದ್ದೋ, ಅದು ಅವಳಿಗೇ ಗೊತ್ತು. ಆದ್ರೆ ಮಗಳು ತವರಿಗೆ ಬರೋದು ಹೇಗೆ ಅಂತ ಕೇಳಿದಳು. ಆಗ ಸೂರ್ಯನ ತಾಯಿ ಹೇಳಿದಳಂತೆ, ನೋಡವ್ವಾ, ನನ್ನ ಹತ್ರ ಮೂರು ಗಡಿಗೆ ಮಂಜಿನ ಹರಳಿದೆ, ನನ್ನ ಅಜ್ಜಿ ಕಾಲದಿಂದ ಕೂಡಿಟ್ಟದ್ದು. ಒಂದು ಗಡಿಗೆ ಹರಳನ್ನ ನಮ್ಮ ಬಾಗಿಲ ಮುಂದೆ ಬಳೆಯ ಹಾಗೆ ಗುಂಡಗೆ ಸುರಿದ್ರೆ ಕೆಳಕ್ಕೆ ಹಾದಿ ತೆರೀತದೆ. ನನ್ನ ಮಗ ನಡು ನೆತ್ತಿಗೆ ಬಂದು ಒಂದು ಗಳಿಗೆ ನಿಲ್ತಾನಲ್ಲ, ಆಗ ಮಾತ್ರ. ಆ ಬಳೆ ಕರಗೋದರೊಳಗೆ ಅವಳು ವಾಪಸ್ ಬರಬೇಕು. ಮೂರು ಗಡಿಗೆಗೆ ಮೂರು ಸಲ, ಅಷ್ಟೇ.

ಮದುವೆ ಆಯ್ತು. ಸಣ್ಣಿ ಹೋಗೋವಾಗ ಅತ್ತಳು, ಅಳ್ತಾ ಅಳ್ತಾ ಮಾತಾಡಿದಳು, ಮಾತಾಡ್ತಾ ಮಾತಾಡ್ತಾ ಹೋದಳು. ಆವತ್ತು ಸಂಜೆ ಗಂಜಿ ಉಣ್ಣೋಕೆ ಕೂತ ಬೊಮ್ಮಕ್ಕನಿಗೆ ಮನೆಯೆಲ್ಲ ಭಣಭಣ ಅಂತಿತ್ತು. ಗಂಜಿ ಒಳಗೆ ಇಳೀಲಿಲ್ಲ.

ಆಮೇಲೆ ಒಂದು ವರ್ಷ ಕಳೀತು. ಮರು ಬೇಸಿಗೆ ಬಂತು. ಒಂದು ಮಧ್ಯಾಹ್ನ ಹೆಂಗಸರೆಲ್ಲ ಸಾಲಾಗಿ ಉಪ್ಪು ಎಳೀತಿದ್ದರು. ಮೇಲೆ ಆಕಾಶಕ್ಕೆ ತೆಳು ಪಂಚೆ ಹರವಿದ ಹಾಗೆ ಬಿಳಿ ಮೋಡ, ನಡುವೆ ಸೂರ್ಯ, ಸೂರ್ಯನ ಸುತ್ತ ದೊಡ್ಡದೊಂದು ಬಳೆ, ಒಳಗಡೆ ಅಂಚಿಗೆ ಸ್ವಲ್ಪ ಕೆಂಪು. ಅಂಥದ್ದನ್ನ ಆ ಊರು ಹಿಂದೆ ಕಂಡಿರಲಿಲ್ಲ. ಬೊಮ್ಮಕ್ಕನ ಹಲಗೆ ಆಗಷ್ಟೇ ಮಡಿಗೆ ಇಳಿದಿತ್ತು. ಅಷ್ಟರಲ್ಲಿ ಹಿಂದೆ ಒಡ್ಡಿನ ಮೇಲೆ ಕಾಲುಸಪ್ಪಳ, ಅವ್ವಾ ನಾನು ಬಂದೆ ಅಂತ ಸಣ್ಣಿ ದನಿ.

ತಿರುಗಬೇಕು ಅಂತ ಬೊಮ್ಮಕ್ಕನ ಕತ್ತು ಎಳೀತು. ಆದ್ರೆ ಹಲಗೆ ಮಡಿಯಲ್ಲಿದೆ, ಹಿಂದೆ ಮೂವತ್ತು ಜನ ಹೆಂಗಸರು ತನ್ನ ಬೆನ್ನನ್ನೇ ನೋಡ್ತಿದಾರೆ. ಅವಳು ಏನು ಮಾಡಿದಳು, ಒಂದು ಕೈ ಬೆನ್ನ ಹಿಂದೆ ತಂದು, ತಡಿ, ಅಂತ ಬೆರಳು ಆಡಿಸಿದಳು. ಒಂದು ಮಡಿ ಮುಗಿಸೋಕೆ ಎಷ್ಟು ಹೊತ್ತು, ಅಕ್ಕಿ ತೊಳೆದಿಟ್ಟು ಅನ್ನ ಬಸಿಯೋವಷ್ಟು ಹೊತ್ತು. ಸಣ್ಣಿಗೆ ಕಟ್ಟಳೆ ಗೊತ್ತಿತ್ತು. ಒಡ್ಡಿನ ಮೇಲೆ ಕೂತಳು. ಕೂತು, ತನ್ನಷ್ಟಕ್ಕೆ ಮಾತಾಡಿದಳು. ಅತ್ತೆ ಒಳ್ಳೆಯವಳು ಅವ್ವಾ, ಅವರು ಸಂಜೆ ಬರೋವಾಗ ಕಾಲೆಲ್ಲ ಕೆಂಪಾಗಿರ್ತದೆ, ನಾನೇ ತೊಳೀತೀನಿ, ಅಲ್ಲಿ ಹಕ್ಕಿ ಇಲ್ಲ ಅವ್ವಾ, ನೀನು ಸಣ್ಣಗಾಗಿದೀಯ. ಬೊಮ್ಮಕ್ಕ ಕೇಳ್ತಾ ಎಳೆದಳು, ಎಳೀತಾ ಕೇಳಿದಳು. ಅನ್ನ ಬಸಿಯೋವಷ್ಟು ಹೊತ್ತು ಮುಗಿದು ಅವಳು ತಿರುಗೋದಕ್ಕೂ ಮೇಲೆ ಬಳೆ ಕರಗೋದಕ್ಕೂ ಸರಿಹೋಯ್ತು. ಒಡ್ಡಿನ ಮೇಲೆ ಸಣ್ಣಿ ಇರಲಿಲ್ಲ. ನಾಲ್ಕು ಹನಿ ಮಳೆ ಬಿತ್ತು, ನಿಂತಿತು.

ಆವತ್ತಿನ ಉಪ್ಪು ನೋಡಿ ಊರೆಲ್ಲ ಹೊಗಳಿತಂತೆ. ಮಗಳು ಬಂದ್ರೂ ಕೈ ಬಿಡಲಿಲ್ಲ ನೋಡು, ಹೆಂಗಸು ಅಂದ್ರೆ ಬೊಮ್ಮಕ್ಕ, ಅಂತ. ಬೊಮ್ಮಕ್ಕನ ಕಣ್ಣು ಖಾಲಿ ಒಡ್ಡಿನ ಮೇಲೆ, ಕಿವಿಗೆ ಹೊಗಳಿಕೆ. ಇರಲಿ, ಇನ್ನೂ ಎರಡು ಸಲ ಬರ್ತಾಳಲ್ಲ ಅಂದುಕೊಂಡಳು. ನಾವೆಲ್ಲ ಹಾಗೇ ಅಂದುಕೊಳ್ಳೋದು ಕೂಸೇ.

ಆಮೇಲೆ ಇನ್ನೊಂದು ವರ್ಷ. ಮತ್ತೆ ಒಂದು ಮಧ್ಯಾಹ್ನ ಸೂರ್ಯನ ಸುತ್ತ ಬಳೆ, ಮತ್ತೆ ಬೊಮ್ಮಕ್ಕನ ಹಲಗೆ ಮಡಿಯಲ್ಲಿ. ಯಾವ ದಿನ ಬರ್ತಾಳೆ ಅಂತ ಮೊದಲೇ ಗೊತ್ತಾದ್ರೆ ಮನೇಲೇ ಕೂತಿರ್ತಿದ್ದಳೋ ಏನೋ. ಉಪ್ಪು ಎಳೆಯೋದೂ ನಡು ಮಧ್ಯಾಹ್ನ, ಹಾದಿ ತೆರೆಯೋದೂ ನಡು ಮಧ್ಯಾಹ್ನ, ಏನು ಮಾಡೋದು ಹೇಳು. ಈ ಸಲ ಸಣ್ಣಿಯ ಹೆಜ್ಜೆ ಭಾರವಾಗಿತ್ತು. ಅವ್ವಾ, ನಾನು ಬಸುರಿ, ಅಂದಳು. ನಮ್ಮನೆ ನೆಲದ ಮೇಲೆಲ್ಲ ಹರಳಿದೆ, ನೋಡೋಕೆ ಥೇಟ್ ಉಪ್ಪೇ, ನಾಲಿಗೆ ಮೇಲಿಟ್ರೆ ರುಚಿಯೇ ಇಲ್ಲದೆ ಕರಗಿ ನೀರಾಗ್ತದೆ, ನನಗೆ ಉಪ್ಪಿನ ಬಯಕೆ ಅವ್ವಾ, ನಿನ್ನ ಕೈಯಿಂದ ಒಂದೇ ಒಂದು ಹರಳು ಬಾಯಿಗೆ ಹಾಕು, ಅಂದಳು.

ದಡದಲ್ಲಿ ಸೊಂಟದೆತ್ತರ ಉಪ್ಪಿನ ರಾಶಿ ಬಿದ್ದಿತ್ತು. ಸಣ್ಣಿ ಕೈ ಚಾಚಿದ್ರೆ ಸಿಕ್ತಿತ್ತು. ಆದ್ರೆ ಬಸುರಿ ಬಯಕೆಯನ್ನ ತಾಯಿ ಕೈಯಾರೆ ತೀರಿಸಬೇಕು, ತಾನೇ ಎತ್ತಿ ತಿಂದ್ರೆ ಅದು ಬಯಕೆ ಹೇಗಾಗ್ತದೆ? ಸುಮ್ಮನೆ ಬಾಯಿ ತೆರೆದು ನಿಂತಳಂತೆ ಆ ಹುಡುಗಿ, ಗೂಡಿನಲ್ಲಿ ಮರಿ ಕೂತ ಹಾಗೆ. ಬೊಮ್ಮಕ್ಕನ ಕಣ್ಣಿಂದ ಧಾರೆ ಇಳಿದು ಮಡಿಗೇ ಬಿತ್ತು. ಬೇಗ ಮುಗಿಸಿಬಿಡೋಣ ಅಂತ ಕೈ ಜೋರು ಮಾಡಿದಳು. ಜೋರು ಮಾಡಿದ ಕೂಡಲೇ ಕೆಸರು ಎದ್ದಿತು. ಕೆಸರು ಎದ್ದರೆ ಇಳಿಯೋವರೆಗೂ ಹಲಗೆ ಆಡಿಸದೆ ನಿಲ್ಲಬೇಕು, ನಿಂತಳು. ಅವಸರ ಮಾಡಿ ಎರಡರಷ್ಟು ತಡವಾಯ್ತು. ಮುಗಿಸಿ, ಮುಷ್ಟಿ ತುಂಬ ಉಪ್ಪು ಹಿಡಿದು ತಿರುಗಿದಳು. ಯಾರಿಗೆ ಕೊಡೋದು? ಸಂಜೆ ಒಂದು ಮಳೆ ಬಂತು. ಆ ಮುಷ್ಟಿ ಉಪ್ಪನ್ನ ಕೆಳಗೆ ಹಾಕೋಕೂ ಮನಸ್ಸಾಗದೆ ಬೊಮ್ಮಕ್ಕ ಜಗಲಿ ಮೇಲೆ ಹಾಗೇ ಹಿಡ್ಕೊಂಡು ಕೂತಿದ್ದಳಂತೆ.

ಈ ಸಲ ಅವಳಿಗೆ ಹೊಗಳಿಕೆ ಕಿವಿಗೆ ಬೀಳಲಿಲ್ಲ. ಮುಂದಿನ ಸಲ ಉಪ್ಪು ಕಹಿಯಾಗ್ಲಿ, ಊರು ಬಿಟ್ಟು ಓಡಿಸ್ಲಿ, ಮಾತಾಡಿಯೇ ತೀರ್ತೀನಿ ಅಂತ ನಿಶ್ಚಯ ಮಾಡಿದಳು. ಏನು ಮಾತಾಡಬೇಕು ಅಂತಲೂ ಯೋಚನೆ ಮಾಡಿಟ್ಟಿದ್ದಳಂತೆ. ಮೊದಲು, ಬಾ ಮಗಾ ಅನ್ನಬೇಕು. ಆಮೇಲೆ, ನೀನಿಲ್ಲದೆ ಮನೆ ಮನೆಯ ಹಾಗಿಲ್ಲ ಅನ್ನಬೇಕು. ಮಲಗಿದಲ್ಲಿ, ಎದ್ದಲ್ಲಿ, ಅದನ್ನೇ ಬಾಯಿಪಾಠ ಮಾಡ್ತಿದ್ದಳು.

ಮೂರನೇ ವರ್ಷ ಮಳೆಗಾಲ ಬೇಗ ಬರೋ ಹಾಗಿತ್ತು. ಸಮುದ್ರದ ಕಡೆ ಮೋಡ ಕಟ್ಟಿತ್ತು, ಊರಿನ ಅಷ್ಟೂ ಉಪ್ಪು ಇನ್ನೂ ಮಡಿಗಳಲ್ಲೇ ಇತ್ತು. ಆವತ್ತು ಎಳೆದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಹೆಂಗಸರ ಜೊತೆ ಗಂಡಸರೂ ಬುಟ್ಟಿ ಹಿಡಿದು ನಿಂತಿದ್ದರು. ಎಲ್ಲರ ಕಣ್ಣೂ ಬೊಮ್ಮಕ್ಕನ ಹಲಗೆ ಮೇಲೆ. ನಡು ಮಧ್ಯಾಹ್ನ ಆಯ್ತು, ಸೂರ್ಯನ ಸುತ್ತ ಬಳೆ ಮೂಡಿತು, ಹಿಂದೆ ಒಡ್ಡಿನ ಮೇಲೆ ಎರಡು ಜೋಡಿ ಕಾಲಿನ ಸಪ್ಪಳ ಕೇಳಿತು. ಒಂದು ದೊಡ್ಡದು, ಒಂದು ಪುಟಪುಟ ಅನ್ನೋದು.

ಅವ್ವಾ, ಇದು ಕಡೇ ಗಡಿಗೆ, ಅಂದಳು ಸಣ್ಣಿ. ನೋಡು, ನಿನ್ನ ಮೊಮ್ಮಗಳನ್ನ ಕರ್ಕೊಂಡು ಬಂದಿದೀನಿ, ಇವಳಿಗೆ ನಿನ್ನ ಮುಖ ತೋರಿಸು. ಆಮೇಲೆ, ಸೂರ್ಯನ ಮನೆ ಕೂಸುಗಳು ಬೇಗ ಬೆಳೀತವಂತೆ, ಆಗಲೇ ಮಾತು ಕಲಿತ ಒಂದು ಸಣ್ಣ ದನಿ ಅಜ್ಜೀ ಅಂತು.

ಬೊಮ್ಮಕ್ಕ ಬಾಯಿ ತೆರೆದಳು. ಬಾ ಮಗಾ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಮೂವತ್ತು ಹಲಗೆಯೂ ಸದ್ದಿಲ್ಲದೆ ನಿಂತದ್ದು ಅವಳಿಗೆ ಗೊತ್ತಾಯ್ತು. ಕಣ್ಣು ಕೆಳಗೆ ಮಾಡಿ ಮಡಿ ನೋಡಿದಳು, ಇನ್ನು ಮೂರೇ ಎಳೆತ ಉಳಿದಿತ್ತು. ಮೂರೇ ಮೂರು. ಇಷ್ಟು ಮುಗಿಸಿಬಿಟ್ರೆ ಊರಿಗೂ ಆಯ್ತು, ಮಗಳಿಗೂ ಆಯ್ತು ಅಂದುಕೊಂಡು ಬಾಯಿ ಮುಚ್ಚಿದಳು. ಒಂದು ಎಳೆತ ಎಳೆದಳು. ಅಜ್ಜೀ ಅಂತು ಕೂಸು. ಎರಡನೇ ಎಳೆತ ಎಳೆದಳು. ಅಮ್ಮಾ, ಅಜ್ಜಿಗೆ ಕಿವಿ ಕೇಳಿಸೋದಿಲ್ವಾ, ಅಂತ ಕೇಳ್ತು ಕೂಸು. ಅಷ್ಟು ಮಾತಿನ ಹುಡುಗಿ ಸಣ್ಣಿ ಒಂದು ಮಾತೂ ಆಡಲಿಲ್ಲ. ಮೂರನೇ ಎಳೆತ ಎಳೆದು, ಹಲಗೆ ಬಿಸಾಡಿ, ಬಾ ಮಗಾ ಅಂತ ಕೂಗಿ ಬೊಮ್ಮಕ್ಕ ತಿರುಗಿದಳು.

ಒಡ್ಡು ಖಾಲಿ. ಒಣ ಮಣ್ಣಿನ ಮೇಲೆ ಎರಡು ಜೋಡಿ ಒದ್ದೆ ಹೆಜ್ಜೆ ಇದ್ದವು, ಮುಟ್ಟಿದ್ರೆ ಕೈ ಕೊರೆಯೋವಷ್ಟು ತಣ್ಣಗಿದ್ದವಂತೆ. ಬೊಮ್ಮಕ್ಕ ಆ ಪುಟ್ಟ ಹೆಜ್ಜೆ ಮೇಲೆ ಅಂಗೈ ಇಟ್ಕೊಂಡು ಕೂತುಬಿಟ್ಟಳು. ಅದೂ ಬಿಸಿಲಿಗೆ ಆರಿಹೋಯ್ತು.

ಆಮೇಲೆ ಮಳೆ ಹೊಡೀತು ನೋಡು, ಮೂರು ಹಗಲು ಮೂರು ರಾತ್ರಿ. ರಾಶಿ ಮೇಲೆ ಹೊದಿಸಿದ್ದ ತೆಂಗಿನ ಮಡಲೆಲ್ಲ ಹಾರಿಹೋಗಿ, ಎಳೆದ ಉಪ್ಪೂ, ಎಳೆಯದ ಉಪ್ಪೂ ಎಲ್ಲ ಕರಗಿ ಸಮುದ್ರ ಸೇರಿತು. ಊರೆಲ್ಲ ಸೇರಿ ಆ ವರ್ಷ ಒಂದು ಬಟ್ಟಲು ಉಪ್ಪೂ ಉಳಿಯಲಿಲ್ಲವಂತೆ.

ಮಳೆ ನಿಂತ ಮೇಲೆ ಬೊಮ್ಮಕ್ಕ ಊರಿನಲ್ಲೇ ಹಿರಿಯಳಾದ ಕುಪ್ಪಜ್ಜಿ ಹತ್ರ ಹೋದಳು. ಕುಪ್ಪಜ್ಜಿಗೆ ನೂರು ವರ್ಷವೋ ಏನೋ, ಹಲ್ಲಿಲ್ಲ, ಕಣ್ಣಿಲ್ಲ, ನೆನಪು ಮಾತ್ರ ಗಟ್ಟಿ. ಅಜ್ಜೀ, ನಾನು ಯಾವ ತಾಯಿಗೆ ಹೆದರಿ ನನ್ನ ಮಗಳನ್ನ ಕಳ್ಕೊಂಡೆ, ಆ ಉಪ್ಪಿನ ತಾಯಿ ಯಾರು, ಎಲ್ಲಿದಾಳೆ, ಅವಳ ಕಾಲನ್ನಾದ್ರೂ ಹಿಡೀತೀನಿ ಅಂದಳು. ಕುಪ್ಪಜ್ಜಿ ಎಲೆಯಡಿಕೆ ಕುಟ್ತಾ, ಯಾವ ತಾಯಿಯೇ ಮಾರಾಯ್ತಿ, ಅಂದಳಂತೆ. ನಾನು ಸಣ್ಣವಳಿದ್ದಾಗ ಇಬ್ಬರು ವಾರಗಿತ್ತಿಯರು ಮಡಿಯಲ್ಲಿ ನಿಂತು ಜಗಳ ಆಡಿದ್ರು. ಜಗಳ ಜೋರಾಗಿ ಹಲಗೆ ಹಲಗೆ ತಾಗಿಸಿ ಕೆಸರೆಬ್ಬಿಸಿ ಇಡೀ ದಿನದ ಉಪ್ಪು ಹಾಳು ಮಾಡಿದ್ರು. ನನ್ನ ಸೋದರತ್ತೆಗೆ ಸಿಟ್ಟು ಬಂದು, ಇನ್ನು ಮೇಲೆ ಮಡಿಗಿಳಿದ್ರೆ ಯಾರೂ ಬಾಯಿ ಬಿಡಬೇಡಿ ಅಂದಳು. ಸುಮ್ಮನೆ ಹೇಳಿದ್ರೆ ನಮ್ಮ ಹೆಂಗಸರು ಕೇಳ್ತಾರಾ, ಅದಕ್ಕೆ ತಾಯಿ ಮುನೀತಾಳೆ ಅಂತ ಸೇರಿಸಿದಳು. ಅಷ್ಟೇ.

ಅಷ್ಟೇನಾ ಅಜ್ಜೀ, ಅಂದಳು ಬೊಮ್ಮಕ್ಕ. ಅಷ್ಟೇ ಕಣೇ, ಅಂದಳು ಕುಪ್ಪಜ್ಜಿ. ಬೊಮ್ಮಕ್ಕ ಎದ್ದು ಮನೆಗೆ ಬಂದಳು. ದಾರಿಯಲ್ಲಿ ಯಾರು ಮಾತಾಡಿಸಿದ್ರೋ ಅವಳಿಗೆ ಗೊತ್ತಿಲ್ಲ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಂಗಳದಲ್ಲಿ ಯಾರೋ ಹಲ್ಲು ಕಟಕಟ ಅನ್ನಿಸೋದು ಕೇಳಿತು. ನೋಡಿದ್ರೆ ಸೂರ್ಯನ ತಾಯಿ, ಮೂರು ಕಂಬಳಿ ಹೊದ್ದು ನಿಂತಿದಾಳೆ. ಕೂರು ಅಂದ್ರೆ ಕೂರಲಿಲ್ಲ. ಬೀಗಿತ್ತೀ, ನಾನು ನಿನ್ನ ಮಗಳನ್ನ ಕರ್ಕೊಂಡು ಹೋದದ್ದೇ ಮನೇಲಿ ಮಾತಿನ ಸದ್ದು ಇರಲಿ ಅಂತ, ಅಂದಳು. ಆ ಕಡೇ ಸಲ ಹೋಗಿ ಬಂದಾಗಿಂದ ಅವಳು ಬಾಯೇ ಬಿಡೋದಿಲ್ಲ. ಕೆಲಸ ಮಾಡ್ತಾಳೆ, ಮಗು ಆಡಿಸ್ತಾಳೆ, ಮಾತಿಲ್ಲ. ಏನು ಮಾಡಿದೆ ನೀನು ಅವಳಿಗೆ?

ಬೊಮ್ಮಕ್ಕ ಅವಳ ಕಾಲ ಹತ್ರ ಕುಸಿದು ಕೂತು, ನಾನು ಏನೂ ಮಾಡಲಿಲ್ಲ ಬೀಗಿತ್ತೀ, ಏನೂ ಮಾಡದೇ ಇದ್ದದ್ದೇ ತಪ್ಪಾಯ್ತು, ಇನ್ನೊಂದೇ ಸಲ ಕಳಿಸು, ಅಂತ ಬೇಡಿಕೊಂಡಳು. ಮುದುಕಿಗೂ ಮನಸ್ಸು ಕರಗಿತು. ಆದ್ರೆ ಗಡಿಗೆ ಖಾಲಿ, ಎಲ್ಲಿಂದ ತರೋದು. ಬರೋಕೆ ಇನ್ನು ಆಗೋದಿಲ್ಲವ್ವಾ, ಅಂದಳು. ಮನೆ ನೆಲದ ಮೇಲೆ ದಿನಾ ಒಂದಿಷ್ಟು ಹರಳು ಕೂರ್ತದೆ, ಅದನ್ನ ಎಳೆದು ಒಟ್ಟು ಮಾಡಿ ಬಾಗಿಲ ಮುಂದೆ ಸುರಿದ್ರೆ ಬಳೆಯೇನೋ ಆಗ್ತದೆ, ಇಳಿದು ಬರೋವಷ್ಟು ಗಟ್ಟಿ ಆಗೋದಿಲ್ಲ. ಕಿಟಕಿ ಇದ್ದ ಹಾಗೆ ಅಷ್ಟೇ. ಇಲ್ಲಿ ಮಾತಾಡಿದ್ದು ಅಲ್ಲಿಗೆ ಕೇಳಿಸ್ತದೆ. ಆದ್ರೆ ಅವಳು ಸುರೀಬೇಕಲ್ಲ. ಯಾಕೆ ಸುರೀತಾಳೆ, ಮೂರು ಸಲ ಬಂದು ಏನು ಕೇಳಿಸ್ಕೊಂಡಿದಾಳೆ ಅವಳು ಇಲ್ಲಿ? ಅಷ್ಟು ಹೇಳಿ ಮುದುಕಿ ಹೋದಳಂತೆ.

ಮತ್ತೆ ಬೇಸಿಗೆ ಬಂತು. ಮೊದಲ ದಿನ ಸಾಲು ಮಡಿಗೆ ಇಳೀತು. ಹಲಗೆ ನೀರಿಗೆ ತಾಗಿದ ಕೂಡಲೇ ಬೊಮ್ಮಕ್ಕ ತಲೆ ಎತ್ತಿ ಗಟ್ಟಿಯಾಗಿ ಮಾತಾಡೋಕೆ ಶುರು ಮಾಡಿದಳು. ಸಣ್ಣೀ, ಇವತ್ತು ಗಂಜಿಗೆ ಸಿಗಡಿ ಚಟ್ನಿ ಮಾಡಿದ್ದೆ. ಸಣ್ಣೀ, ದೇವುಗೆ ಗಂಡು ಮಗು ಆಯ್ತು, ನಿನ್ನ ಹಾಗೇ ಕಿರುಚ್ತದೆ. ಹಿಂದಿನ ಹೆಂಗಸರೆಲ್ಲ ಹೆದರಿ ಹಲಗೆ ಬಿಟ್ಟರು. ಕುಪ್ಪಜ್ಜಿ ಮಾತು ಅವರೂ ಕೇಳಿದ್ದರು, ಆದ್ರೂ ಹೆದರಿಕೆ ಹೋಗ್ಬೇಕಲ್ಲ. ಬೊಮ್ಮಕ್ಕ ಮಾತ್ರ ಮಾತಾಡ್ತಾ ಮಡಿ ಮುಗಿಸಿದಳು. ಎಲ್ಲರೂ ಬಂದು ಉಪ್ಪು ಬಾಯಿಗೆ ಹಾಕಿ ನೋಡಿದರು. ಕಹಿ ಇಲ್ಲ, ಕೆಸರಿಲ್ಲ, ಎಂದಿನ ಹಾಗೆ ಬೆಳ್ಳಗೆ, ಎಂದಿನ ಹಾಗೆ ರುಚಿ. ಊರೆಲ್ಲ ನಕ್ಕು ಸಂತೋಷಪಟ್ಟರೆ ಬೊಮ್ಮಕ್ಕ ಆ ಉಪ್ಪಿನ ರಾಶಿ ಮುಂದೆ ಕೂತು ಎದೆ ಬಡ್ಕೊಂಡು ಅತ್ತಳಂತೆ. ಒಂಚೂರು ಕಹಿಯಾಗಿದ್ರೆ ಅವಳಿಗೆ ಎಷ್ಟು ಸಮಾಧಾನ ಆಗ್ತಿತ್ತು ಹೇಳು.

ಆಮೇಲೆ ಅವಳು ಒಂದು ದಿನವೂ ಬಿಡಲಿಲ್ಲ. ಆಕಾಶದಲ್ಲಿ ಬಳೆ ಇರಲಿ ಬಿಡಲಿ, ಮಧ್ಯಾಹ್ನ ಆಯ್ತು ಅಂದ್ರೆ ಮಡಿಯಲ್ಲಿ ನಿಂತು ಮಾತು. ಇಡೀ ಜನ್ಮದಲ್ಲಿ ಆಡದ ಮಾತೆಲ್ಲ ಆಡಿದಳು. ಊರಿನವರು ಮೊದಮೊದಲು ತಲೆ ಕೆಟ್ಟಿದೆ ಅಂದರು, ಆಮೇಲೆ ತಾವೂ ಮಾತಾಡೋಕೆ, ಹಾಡೋಕೆ ಶುರು ಮಾಡಿದರು. ಆಗರವೇ ಗಲಗಲ ಅನ್ನೋ ಹಾಗಾಯ್ತು. ಒಂದು ಬೇಸಿಗೆ ಹೋಯ್ತು, ಎರಡು ಹೋಯ್ತು, ಮೇಲೆ ಬಳೆ ಕಾಣಲಿಲ್ಲ. ಕೊರಗಿ ಕೊರಗಿ ಅಷ್ಟರಲ್ಲೇ ಬೊಮ್ಮಕ್ಕನ ತಲೆ ಹಣ್ಣಾಯ್ತು, ಸೊಂಟ ಬಾಗಿತು, ಹಲಗೆ ಹಿಡಿಯೋಕೆ ಆಗದೆ ಒಡ್ಡಿನ ಮೇಲೆ ಕೂತು ಮಾತಾಡಿದಳು.

ಮೂರನೇ ಬೇಸಿಗೆಯ ಕಡೇ ದಿನಗಳಲ್ಲಿ, ಒಂದು ಮಧ್ಯಾಹ್ನ, ಅವ್ವ ಮಾತಾಡೋದನ್ನ ಸೂರ್ಯನ ತಾಯಿ ಹೋಗಿ ಹೇಳಿದಳೋ, ಅಥವಾ ಸಣ್ಣಿಗೇ ತಡೀಲಿಲ್ಲವೋ ಗೊತ್ತಿಲ್ಲ, ಸೂರ್ಯನ ಸುತ್ತ ಮೆಲ್ಲಗೆ ಬಳೆ ಮೂಡಿತಂತೆ. ತೆಳುವಾದ ಬಳೆ, ಒಂದು ಚುಕ್ಕಿ ಕೆಸರಿಲ್ಲದ ಹಾಗೆ ಎಳೆದ ಬಳೆ. ನೀರು ಹೊರ್ತಾ ತನ್ನ ಕೈ ನೋಡಿ ನೋಡಿ ಕಲಿತು ಅಷ್ಟು ಚೊಕ್ಕವಾಗಿ ಹರಳು ಎಳೆಯೋ ಕೈ ಯಾರದ್ದು ಅಂತ ಬೊಮ್ಮಕ್ಕನಿಗೆ ಗೊತ್ತಾಗದೆ ಇರ್ತದಾ? ಸೂರ್ಯ ಸ್ವಲ್ಪ ಪಡುವಣಕ್ಕೆ ವಾಲಿದ ಮೇಲೆ ಅದರ ಎಡಕ್ಕೊಂದು ಬಲಕ್ಕೊಂದು ಎರಡು ಬೆಳಕಿನ ಚುಕ್ಕಿ ಬಂದು ಕೂತವು. ಒಂದು ದೊಡ್ಡದು, ಒಂದು ಪುಟಾಣಿ. ಬಳೆಯ ಮೇಲೆ, ಒಡ್ಡಿನ ಮೇಲೆ ಕೂತ ಹಾಗೇ ಕೂತಿದ್ದವು.

ಬೊಮ್ಮಕ್ಕನಿಗೆ ಅಷ್ಟು ವರ್ಷದಿಂದ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಮಗಾ, ಕೇಳಿಸಿತ್ತು ಕಣೇ, ಅಂದಳು. ಮೂರು ಸಲವೂ ಕೇಳಿಸಿತ್ತು. ಕೂಸು ಅಜ್ಜೀ ಅಂದದ್ದೂ ಕೇಳಿಸಿತ್ತು. ನಾನೇ ಮಾತಾಡಲಿಲ್ಲ. ಆಮೇಲೆ ಕೂಸಿನ ಹೆಸರೇನು ಅಂತ ಕೇಳಿದಳು. ಅಲ್ಲಿಂದ ಇಲ್ಲಿಗೆ ಮಾತು ಬರೋದಿಲ್ಲವಲ್ಲ. ಆ ಎರಡು ಚುಕ್ಕಿ ಮಾತ್ರ ಬಳೆ ಕರಗೋವರೆಗೂ ಎದ್ದು ಹೋಗಲಿಲ್ಲವಂತೆ. ಮರುದಿನ ಮಳೆ ಬಂತು, ಮೆಲ್ಲನೆಯ ಮಳೆ. ಬಳೆ ಕಂಡ್ರೆ ಮಳೆ ಅಂತ ತಿಳಿದ ಊರಿನವರು ಆವತ್ತೇ ಉಪ್ಪು ಎಳೆದು ಮುಚ್ಚಿಟ್ಟಿದ್ದರು, ಒಂದು ಹರಳೂ ಹಾಳಾಗಲಿಲ್ಲ.

ಆಮೇಲೆ ಬೊಮ್ಮಕ್ಕ ಇರೋವಷ್ಟು ಕಾಲ ಸಣ್ಣಿ ಹರಳು ಕೂಡಿದಾಗೆಲ್ಲ ಬಳೆ ಎಳೆದು ಕೂತು ಕೇಳ್ತಿದ್ದಳಂತೆ. ಮನೇಲೂ ಮೆಲ್ಲಮೆಲ್ಲಗೆ ಮಾತಾಡೋಕೆ ಶುರು ಮಾಡಿದಳಂತೆ, ಅತ್ತೆಗೆ ಒಂದು ಕಂಬಳಿ ಕಡಿಮೆಯಾಯ್ತಂತೆ. ಬೊಮ್ಮಕ್ಕ ಆ ಕೂಸಿನ ಮುಖವನ್ನ ಮಾತ್ರ ಕಾಣಲೇ ಇಲ್ಲ. ಹೆಸರೂ ಗೊತ್ತಾಗಲಿಲ್ಲ. ಸುಖವಾಗಿದ್ರು ಅಂತ ಹೇಳ್ಬೇಕು ಕತೆಯಲ್ಲಿ, ಹೇಳ್ತೀನಿ, ಅವರು ಅಲ್ಲಿ ಸುಖವಾಗಿದ್ರು, ಇವಳು ಇಲ್ಲಿ ಮಾತಾಡ್ತಾ ಇದ್ದಳು. ಕತೆ ಅಲ್ಲಿಗೆ ಮುಗೀತು.

ಏ ಕೂಸೇ, ನಿದ್ದೆ ಬಂತಾ? ಒಳಗೆ ಪಾತ್ರೆ ತೊಳೀತಾ ನಿಮ್ಮಮ್ಮ ಎರಡು ಸಲ ಕರೆದಳು ನಿನ್ನನ್ನ. ಅರ್ಧ ನಿದ್ದೇಲಿದ್ರೂ ಪರವಾಗಿಲ್ಲ, ಒಂದು ಸಲ ಓ ಅನ್ನು, ಆಮೇಲೆ ಮಲಗು.